ಆಯಿಯ ಗಂಟು

ಇಳಕಲ್ಲ ಸೀರೆಯ ಬಗ್ಗೆ ಬರೆದವರು ಬಹಳ ಮಂದಿ. ನೇಯುವವರ ಕಷ್ಟವನ್ನು ಬರೆದಿದ್ದಾರೆ, ಉಟ್ಟವರ ಚೆಲುವನ್ನು ಬರೆದಿದ್ದಾರೆ. ಆದರೆ ಮಗ್ಗದಿಂದ ಇಳಿದ ಸೀರೆ ಹಳ್ಳಿಯ ಹೆಣ್ಣುಮಗಳ ಮೈಮೇಲೆ ಬರುವ ತನಕ ನಡುವೆ ಒಂದು ದಾರಿ ಇರುತ್ತದಲ್ಲ, ಆ ದಾರಿ ನಡೆದವರ ಬಗ್ಗೆ ನಾನು ಓದಿದ್ದು ಕಡಿಮೆ. ನಮ್ಮ ಆಯಿ ಆ ದಾರಿಯವಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಹೆಚ್ಚುಕಡಿಮೆ ಐವತ್ತು ವರ್ಷ ತಲೆಯ ಮೇಲೆ ಗಂಟು ಹೊತ್ತು ಊರೂರು ತಿರುಗಿ ಸೀರೆ ಮಾರಿದಳು. ಶಾಲೆಯಲ್ಲಿ ಇತಿಹಾಸ ಪಾಠ ಮಾಡುವ ನನಗೆ ಎಷ್ಟೋ ಇಸವಿಗಳ ಅರ್ಥ ತಿಳಿದದ್ದು ಅವಳ ಮಾತಿನಿಂದ.

ಅವಳಿಗೆ ತಾನು ಹುಟ್ಟಿದ ಇಸವಿ ಗೊತ್ತಿರಲಿಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಅವಳ ತಾಯಿ ತೀರಿಕೊಂಡಾಗ ತಮ್ಮನನ್ನು ಎತ್ತಿಕೊಳ್ಳುವಷ್ಟು ದೊಡ್ಡವಳಾಗಿದ್ದಳಂತೆ. ಆ ಲೆಕ್ಕದಲ್ಲಿ 1910ರ ಆಸುಪಾಸು ಹುಟ್ಟಿರಬೇಕು. ಮದುವೆಯಾಗಿ ನೇಕಾರರ ಮನೆಗೆ ಬಂದಳು. ನಮ್ಮ ಮುತ್ಯಾ ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದರು. ಇಳಕಲ್ಲ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಹೀಗಾಗಿ ಉದ್ದನೆಯ ಹಾಸು ಹಾಕಿ ಹತ್ತಾರು ಸೀರೆ ಒಮ್ಮೆಲೇ ನೇಯಲು ಬರುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ. ಆ ಕೆಲಸ, ಕಂಡಿಕೆ ಸುತ್ತುವ ಕೆಲಸ ಬಹುತೇಕ ಹೆಂಗಸರದೇ. ಆದರೂ ಹೆಸರು ಮಾತ್ರ ಮಗ್ಗದಲ್ಲಿ ಕೂತವನದು. ಇರಲಿ.

1936ರ ಸುಮಾರಿಗೆ ಮುತ್ಯಾನ ಕಣ್ಣು ಮಂಜಾದವು. ಮನೆಯಲ್ಲಿ ನಾಲ್ಕು ಮಕ್ಕಳು. ಆಯಿ ಸಾವಕಾರನ ಹತ್ತಿರ ಹೋಗಿ, ಕೂಲಿ ಬೇಡ, ಆರು ಸೀರೆ ಉದ್ರಿ ಕೊಡಿ ಎಂದು ಕೇಳಿದಳು. ಮನೆತನಸ್ಥರ ಸೊಸೆ ಬೀದಿಗೆ ಬಿದ್ದಳೆಂದು ಓಣಿಯೆಲ್ಲ ಆಡಿಕೊಂಡಿತು. ಅವಳ ಅತ್ತೆ ಎಂಟು ದಿನ ಮಾತು ಬಿಟ್ಟರಂತೆ. ಒಂಬತ್ತನೆಯ ದಿನ ಆಯಿ ಜೋಳದ ಚೀಲ ತಂದು ಇಳಿಸಿದ ಮೇಲೆ ಅತ್ತೆಗೆ ಮಾತು ಬಂತು.

ಆಗ ಇಳಕಲ್ಲು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಕೂಗಳತೆಯಲ್ಲಿದ್ದ ಕುಷ್ಟಗಿ ಸೀಮೆ ನಿಜಾಮನ ರಾಯಚೂರು ಜಿಲ್ಲೆ. ಭಾಷೆ ಒಂದೇ, ಬೀಗತನ ಒಂದೇ. ಆದರೆ ನಾಣ್ಯ ಬೇರೆ, ಸುಂಕ ಬೇರೆ. ಈ ಕಡೆಯ ಇಂಗ್ಲಿಷರ ರೂಪಾಯಿಗೆ ಕಲದಾರ ಎನ್ನುತ್ತಿದ್ದರು, ಆ ಕಡೆಯ ಚಾರ್‌ಮಿನಾರ್ ಚಿತ್ರದ ರೂಪಾಯಿಗೆ ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಆರು ಕಲದಾರ. ಶಾಲೆಯ ಮೆಟ್ಟಿಲು ಹತ್ತದ ಆಯಿ 12 ರೂಪಾಯಿಯ ಸೀರೆಗೆ 14 ಹಾಲಿ ಎಂದು ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತಿದ್ದಳು. ಏಳರಿಂದ ಭಾಗವಾಗದ ಮೊತ್ತಕ್ಕೂ ಆಣೆ, ಪೈ ಬಿಡದೆ ಲೆಕ್ಕ ಕೊಡುತ್ತಿದ್ದಳು. ನನ್ನ ಹತ್ತನೆಯ ತರಗತಿಯ ಮಕ್ಕಳು ಇಂದಿಗೂ ಅದನ್ನು ಕಾಗದವಿಲ್ಲದೆ ಮಾಡಲಾರರು.

ಗಡಿಯಲ್ಲಿ ಕರೋಡಗಿರಿಯ ನಾಕಾ ಇತ್ತು. ಕರೋಡಗಿರಿ ಎಂದರೆ ನಿಜಾಮನ ಸುಂಕದ ಇಲಾಖೆ. ಗಂಟು ಬಿಚ್ಚಿ ತೋರಿಸಬೇಕು, ಸುಂಕ ಕಟ್ಟಬೇಕು. ಆಯಿ, ಅವಳ ಹಿರಿಯ ಮಗಳು ಇಬ್ಬರೂ ಒಂದರ ಮೇಲೊಂದು ಎರಡೆರಡು ಸೀರೆ ಉಟ್ಟು ದಾಟುತ್ತಿದ್ದರಂತೆ. "ಉಟ್ಟ ಸೀರಿಗೆ ಯಾವ ಸರಕಾರ ಸುಂಕ ಕೇಳ್ತದವಾ?" ಎಂದು ನಗುತ್ತಿದ್ದಳು. ಇದನ್ನು ಕಳ್ಳಸಾಗಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಓದುವವರು ಏನು ಬೇಕಾದರೂ ಅನ್ನಿ.

ಮಾರುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. "ಪಡಸಾಲ್ಯಾಗ ಗಂಟು ಬಿಚ್ಚಬಾರದು. ಅಲ್ಲಿ ಗಂಡಸರು ಬೆಲಿ ಕೇಳ್ತಾರ. ಹಿತ್ತಲದಾಗ ಬಿಚ್ಚಿದ್ರ ಹೆಣಮಕ್ಕಳು ಬಣ್ಣ ಕೇಳ್ತಾರ." ಇದು ಅವಳ ಮೊದಲ ಸೂತ್ರ. ಮದುವೆ ಗೊತ್ತಾದ ಮನೆಗೆ ಚಂದ್ರಕಾಳಿ, ಬಾಣಂತಿ ಇದ್ದ ಮನೆಗೆ ಮೆತ್ತನೆಯ ಸೀರೆ, ಜೊತೆಗೆ ಗುಳೇದಗುಡ್ಡದ ಖಣ. ಯಾವ ಮನೆಯಲ್ಲಿ ಯಾರು ಎಷ್ಟು ತಿಂಗಳ ಬಸುರಿ ಎಂಬುದು ಅವಳಿಗೆ ಬಾಯಿಪಾಠ. ಹೆಂಗಸರ ಕೈಯಲ್ಲಿ ರೊಕ್ಕ ಇರುತ್ತಿರಲಿಲ್ಲ. ಜೋಳ, ಬೆಣ್ಣೆ, ಕಡಲೆ, ಹುಣಸೆಹಣ್ಣು ಯಾವುದಾದರೂ ಆದೀತು, ಉಳಿದದ್ದು ಸುಗ್ಗಿಗೆ. ಗಂಡನಿಗೆ ತಿಳಿಯದಂತೆ ಸೇರು, ಅರ್ಧ ಸೇರು ಜೋಳ ಅಳೆದು ಕೊಟ್ಟು ವರ್ಷದಲ್ಲಿ ಒಂದು ಸೀರೆ ತೀರಿಸಿದವರಿದ್ದಾರೆ. ಆ ಗುಟ್ಟನ್ನು ಆಯಿ ಒಮ್ಮೆಯೂ ಹೊರಗೆ ಹಾಕಲಿಲ್ಲ. ಅವಳ ವ್ಯಾಪಾರ ನಿಂತದ್ದೇ ಆ ನಂಬಿಕೆಯ ಮೇಲೆ ಎಂದು ನನಗೆ ಅನಿಸುತ್ತದೆ.

ಲೆಕ್ಕವಿದ್ದದ್ದು ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ. ಊರಿಗೊಂದು ಸಾಲು, ಇದ್ದಲಿಯ ಗೆರೆಗಳು. ದೀಪಾವಳಿಗೆ ಸುಣ್ಣ ಬಳಿಯುವಾಗ ಆ ಗೋಡೆಯೊಂದನ್ನು ಬಿಡುತ್ತಿದ್ದರು. ನಾನು ನಾಲ್ಕನೆಯ ತರಗತಿಗೆ ಬಂದಾಗ ಅವಳು ಒಂದೊಂದೇ ಗೆರೆ ಮುಟ್ಟಿ ಹೇಳಿದ್ದನ್ನು ನೋಟುಪುಸ್ತಕಕ್ಕೆ ಇಳಿಸಿದೆ. ಆ ಪುಸ್ತಕ ನನ್ನ ಹತ್ತಿರ ಈಗಲೂ ಇದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನೂಲು ಸಿಗದಂತಾಯಿತು. 1943ರಲ್ಲಿ ಸರಕಾರ ಬಟ್ಟೆ, ನೂಲುಗಳ ಮೇಲೆ ಕಂಟ್ರೋಲು ತಂದಿತು. ಮಗ್ಗಗಳು ಸುಮ್ಮನೆ ನಿಂತವು. ಆಯಿ ಆಗ ಹಳೆಯ ಸೀರೆ ಕೊಂಡು, ಹರಿದ ಭಾಗ ತೆಗೆದು, ಎರಡನ್ನು ಕೂಡಿಸಿ ಹೊಲಿದು ಮಾರಿದಳು. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಆ ಕಡೆಯ ಜನ ಗಡಿ ದಾಟಿ ಬಂದರು. ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಪಠ್ಯಪುಸ್ತಕದಲ್ಲಿ ಇಷ್ಟು ಇರುತ್ತದೆ. ಬಂದವರಲ್ಲಿ ಆಯಿಯ ಗಿರಾಕಿಗಳೂ ಇದ್ದರು, ಉಟ್ಟ ಬಟ್ಟೆಯಲ್ಲೇ ಬಂದವರು. ಹಳೆಯ ಬಾಕಿ ಬರುವ ಆಸೆಯೇ ಇಲ್ಲದಾಗ ಆಯಿ ಅವರಿಗೆ ಹೊಸ ಸೀರೆ ಕೊಟ್ಟಳು. ಸಾವಕಾರ ಸಿಟ್ಟಾದಾಗ ತನ್ನ ಬೋರಮಾಳ ಒತ್ತೆ ಇಟ್ಟಳು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಗಂಟು ಹೊತ್ತು ಮತ್ತೆ ಆ ಕಡೆ ಹೋದಳು. ಬಾಕಿ ಪೂರ್ತಿ ಬರಲಿಲ್ಲ. ಬೋರಮಾಳ ಬಿಡಿಸಲು ಮೂರು ವರ್ಷ ಹಿಡಿಯಿತು.

1956ರ ನವೆಂಬರಿನಲ್ಲಿ ಎರಡೂ ಸೀಮೆ ಒಂದೇ ರಾಜ್ಯಕ್ಕೆ ಸೇರಿದವು. ಮರುವರ್ಷ ನಯಾ ಪೈಸೆ ಬಂತು, ಆಮೇಲೆ ಗಜ ಹೋಗಿ ಮೀಟರು ಬಂತು. ಇವು ಯಾವುವೂ ಅವಳನ್ನು ಕಂಗೆಡಿಸಲಿಲ್ಲ. ಕಂಗೆಡಿಸಿದ್ದು ಮನೆಯ ವಿಷಯ.

ಅವಳ ಗಳಿಕೆಯಿಂದಲೇ ಕೊಂಡ ಮನೆ ಮುತ್ಯಾನ ಹೆಸರಿನಲ್ಲಿತ್ತು. 1964ರಲ್ಲಿ ಮುತ್ಯಾ ತೀರಿದ ಮೇಲೆ ಗಂಡುಮಕ್ಕಳಿಬ್ಬರ ಹೆಸರು ಏರಿಸಲು ಹಿರಿಯರು ಕಾಗದ ಬರೆಸಿ ತಂದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ಸತ್ತವನ ಸ್ವಂತ ಆಸ್ತಿಯಲ್ಲಿ ವಿಧವೆಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲುಂಟು. ಅದನ್ನು ಆಯಿಗೆ ಹೇಳಿದವರು ಯಾರೋ, ಆಕೆಯ ಗಿರಾಕಿಯಾಗಿದ್ದ ವಕೀಲರ ಹೆಂಡತಿಯೇ ಇರಬಹುದು. ಆಯಿ ಹೆಬ್ಬೆಟ್ಟು ಒತ್ತಲಿಲ್ಲ. "ಗಂಟು ಹೊರಾಕ ಮಗಳು ಬೇಕಾಗಿದ್ಲು, ಮನಿ ಹಂಚಾಕ ಬ್ಯಾಡೇನು?" ಎಂದಳು. ನಮ್ಮಪ್ಪ, ಕಾಕಾ ಒಂದು ವರ್ಷ ಮುಖ ಊದಿಸಿಕೊಂಡಿದ್ದರು. ಕೊನೆಗೆ ಐದು ಪಾಲಾಯಿತು. ಚಿಕ್ಕತ್ತಿ ತನ್ನ ಪಾಲು ಅಣ್ಣಂದಿರಿಗೆ ಬಿಟ್ಟುಕೊಟ್ಟಳು. ದೊಡ್ಡತ್ತಿ, ಗಂಟು ಹೊತ್ತವಳು, ಬಿಡಲಿಲ್ಲ. ಗಂಡ ಸತ್ತ ಮೇಲೆ ಅವಳು ಬದುಕಿದ್ದು ಆ ಎರಡು ಅಂಕಣದಲ್ಲೇ.

ನನ್ನ ಬಿ.ಎಡ್. ಫೀಜು ಕಟ್ಟಿದ್ದು ಅದೇ ಬೋರಮಾಳ ಮಾರಿ.

1999ರಲ್ಲಿ ಆಯಿ ತೀರಿಕೊಂಡಾಗ ಮರಣ ನೋಂದಣಿಗೆ ನಾನೇ ಹೋಗಿದ್ದೆ. ಉದ್ಯೋಗದ ಜಾಗದಲ್ಲಿ ಗುಮಾಸ್ತರು ಕೇಳದೆಯೇ "ಮನೆಗೆಲಸ" ಎಂದು ಬರೆದರು. ವ್ಯಾಪಾರ ಎಂದು ಬರೆಯಿರಿ ಎಂದೆ. "ಅಂಗಡಿ ಇತ್ತೇನ್ರಿ? ಲೈಸೆನ್ಸು?" ಎಂದರು. ಎರಡೂ ಇರಲಿಲ್ಲ. ಆ ಗುಮಾಸ್ತರೊಬ್ಬರ ತಪ್ಪು ಎನ್ನಲಾರೆ. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. 1971ರ ಜನಗಣತಿಯಲ್ಲಿ ಮುಖ್ಯ ಕೆಲಸ ಯಾವುದೆಂದು ಕೇಳಿದ್ದರಿಂದ ದುಡಿಯುವ ಹೆಂಗಸರ ಲೆಕ್ಕ ಒಮ್ಮೆಲೇ ಇಳಿಯಿತು. ಒಲೆಯ ಮುಂದೆಯೂ ಕೂತವಳು ಆ ಲೆಕ್ಕದಲ್ಲಿ ವ್ಯಾಪಾರಿ ಆಗುವುದು ಕಷ್ಟ.

ನೋಟುಪುಸ್ತಕದಲ್ಲಿ ಗೆರೆ ಹೊಡೆಯದ ಹೆಸರು ಇನ್ನೂ ಹನ್ನೊಂದು ಇದ್ದವು. ವಸೂಲಿಗಲ್ಲ, ಸುದ್ದಿ ಹೇಳಲೆಂದು ಅಪ್ಪ, ನಾನು ಬಸ್ಸು ಹತ್ತಿ ಕುಷ್ಟಗಿ ಕಡೆಯ ಹಳ್ಳಿಗಳಿಗೆ ಹೋದೆವು. ಏಳು ಜನ ಆಗಲೇ ಸತ್ತಿದ್ದರು. ಎಂಟನೆಯ ಮನೆಯಲ್ಲಿ ಒಬ್ಬ ಮುದುಕಿ ಸುದ್ದಿ ಕೇಳಿ ಅತ್ತಳು. ಆಮೇಲೆ ಒಳಗೆ ಹೋಗಿ ಸೇರು ತಂದು ಅಪ್ಪನ ಚೀಲಕ್ಕೆ ಜೋಳ ಅಳೆಯತೊಡಗಿದಳು. ಅಪ್ಪ ಬೇಡವೆಂದರೆ ಕೇಳಲಿಲ್ಲ. "ನಿಮ್ಮವ್ವನ ಲೆಕ್ಕ ನಿನಗೇನ ಗೊತ್ತೋ ತಮ್ಮಾ, ಸುಮ್ಮ ಚೀಲ ಹಿಡಿ" ಎಂದಳು. ಎಂಟು ಸೇರು ಅಳೆದು ಸೆರಗಿನಿಂದ ಕೈ ಒರೆಸಿಕೊಂಡಳು. ನಾನು ಪುಸ್ತಕ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ ಎಂಟೇ ಗೆರೆ ಇದ್ದವು.