ಶಾಂತವೇರಿ ಗೋಪಾಲಗೌಡರು: ವಿರೋಧಪಕ್ಷದ ಆಸನದಿಂದ ನಾಡನ್ನು ಕಂಡವರು

ಶಾಸನಸಭೆಯ ಚರಿತ್ರೆಯನ್ನು ಬರೆಯುವವರು ಮುಖ್ಯಮಂತ್ರಿಗಳ ಮತ್ತು ಸಚಿವರ ಹೆಸರುಗಳನ್ನು ಸಾಲಾಗಿ ಜೋಡಿಸುವುದು ವಾಡಿಕೆ. ಆ ಪಟ್ಟಿಯಲ್ಲಿ ಶಾಂತವೇರಿ ಗೋಪಾಲಗೌಡರ ಹೆಸರು ಎಲ್ಲಿಯೂ ದೊರೆಯದು. ಅವರು ಒಂದು ದಿನವಾದರೂ ಅಧಿಕಾರದ ಪೀಠದಲ್ಲಿ ಕುಳಿತವರಲ್ಲ. ಆದರೂ ಮಲೆನಾಡಿನ ಗೇಣಿದಾರನು ತಾನು ಉಳುತ್ತಿದ್ದ ಭೂಮಿಗೆ ಒಡೆಯನಾದ ವೃತ್ತಾಂತವನ್ನು ಅವರನ್ನು ಬಿಟ್ಟು ಹೇಳಲು ಸಾಧ್ಯವಿಲ್ಲವೆಂದು ನಾವು ತಿಳಿದಿದ್ದೇವೆ. ಆ ವೃತ್ತಾಂತವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗೋಪಾಲಗೌಡರು 1923ರಲ್ಲಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಜನಿಸಿದರು. 1942ರ ಚಳವಳಿಯ ಕಾಲಕ್ಕೆ ಅವರಿನ್ನೂ ವಿದ್ಯಾರ್ಥಿ. ಅದೇ ಜಿಲ್ಲೆಯ ಈಸೂರಿನ ಜನರು ಸ್ವತಂತ್ರ ಸರಕಾರವನ್ನು ಘೋಷಿಸಿ, ಮುಂದೆ ಐವರು ಗಲ್ಲಿಗೇರಿದ ದಿನಗಳವು. ಆ ಚಳವಳಿಯಲ್ಲಿ ಗೋಪಾಲಗೌಡರಿಗೂ ಸೆರೆವಾಸವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಜೊತೆಗಾರರಲ್ಲಿ ಅನೇಕರು ಕಾಂಗ್ರೆಸ್ಸಿನಲ್ಲಿಯೇ ನಿಂತರು. ಇವರು ಸಮಾಜವಾದಿ ಪಕ್ಷದ ಹಾದಿ ಹಿಡಿದರು.

ಅಂದಿನ ಮಲೆನಾಡಿನ ಗೇಣಿಯ ಸ್ಥಿತಿಯನ್ನು ಅರಿಯದವರಿಗೆ ಮುಂದಿನ ಸಂಗತಿ ಅರ್ಥವಾಗದು. ಉಳುವವನೊಬ್ಬ, ಭೂಮಿಯ ಒಡೆಯನೊಬ್ಬ. ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ವಿವಾದ ಹುಟ್ಟಿದ್ದು ಈ ಕೊಳಗದಿಂದಲೇ. ಲೆಕ್ಕದ ಕೊಳಗ ಚಿಕ್ಕದು, ಒಡೆಯನ ಅಂಗಳದಲ್ಲಿ ಅಳೆಯುವ ಕೊಳಗ ದೊಡ್ಡದು. ಕೊಟ್ಟ ಗೇಣಿಗೆ ರಶೀದಿಯಿಲ್ಲ. ಯಾವ ವರ್ಷ ಭೂಮಿಯಿಂದ ಎಬ್ಬಿಸುವರೋ ಎಂಬ ಭಯ ತಪ್ಪಿದ್ದಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘದ ಬಲದಿಂದ ದೀವರ ಸಮುದಾಯದ ಗೇಣಿದಾರರು ಮೊದಲ ಬಾರಿಗೆ ತಲೆಯೆತ್ತಿ, ಅಳತೆ ಸರಿಯಿರಲಿ ಎಂದರು. ಒಡೆಯರು ಭೂಮಿಯನ್ನು ಬಿಡಿಸಿದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಅದೇ ಗದ್ದೆಗಳಿಗಿಳಿದು ಸೆರೆಯಾದರು. ಸಮಾಜವಾದಿ ಪಕ್ಷವು ಸತ್ಯಾಗ್ರಹವನ್ನು ಕೈಗೆತ್ತಿಕೊಂಡಿತು. ಅದರ ಮುಂದಾಳುಗಳಲ್ಲಿ ಗೋಪಾಲಗೌಡರೂ ಒಬ್ಬರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಸ್ವತಃ ಬಂದು ಬಂಧನಕ್ಕೊಳಗಾದಾಗ ಒಂದು ಪುಟ್ಟ ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಸತ್ಯಾಗ್ರಹವು ಕೂಡಲೇ ಗೆದ್ದಿತೆಂದು ಹೇಳಲಾಗದು. ಅದರ ಫಲ ಮರುವರ್ಷದ ಮಹಾಚುನಾವಣೆಯಲ್ಲಿ ಕಾಣಿಸಿತು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಸ್ಪರ್ಧಿಸಿದ ಗೋಪಾಲಗೌಡರು ಕಾಂಗ್ರೆಸ್ಸಿನ ಪ್ರಬಲ ನಾಯಕರಾದ ಬದರೀನಾರಾಯಣರನ್ನು ಸೋಲಿಸಿದರು. ಮತ ಕೊಡುವವನೇ ಚುನಾವಣೆಯ ಖರ್ಚಿಗೆ ಒಂದು ನೋಟನ್ನೂ ಕೊಡುತ್ತಿದ್ದನೆಂದು ಆ ಭಾಗದಲ್ಲಿ ಹೇಳುವುದುಂಟು. ಮತಕ್ಕಾಗಿ ಹಣ ಹಂಚುವ ಕಾಲವನ್ನು ಕಂಡ ನಮಗೆ ಈ ಮಾತು ನಾಚಿಕೆಯನ್ನು ಉಂಟುಮಾಡಬೇಕು.

99 ಸದಸ್ಯರ ಆ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನವರು 74 ಮಂದಿ, ಸಮಾಜವಾದಿಗಳು ಮೂವರು. ಮೂವರಿಂದ ಯಾವ ಮಸೂದೆ ತಾನೇ ಅಂಗೀಕಾರವಾದೀತು? ಆದರೆ ಸಂಖ್ಯೆಯಿಲ್ಲದವನಿಗೆ ಮಾತಿದೆ ಎಂಬುದನ್ನು ಗೋಪಾಲಗೌಡರು ತೋರಿಸಿಕೊಟ್ಟರು. ಅದೇ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ಆಗ ಸರಕಾರದ ಪಕ್ಷದಲ್ಲಿದ್ದು, ಕಂದಾಯ ಸಚಿವರಾಗಿ ಗೇಣಿದಾರರ ಹಾಗೂ ಇನಾಮು ಭೂಮಿಗಳ ಕಾನೂನುಗಳನ್ನು ತಂದರು. ಒಂದೇ ತಾಲ್ಲೂಕಿನ ಇಬ್ಬರಲ್ಲಿ ಒಬ್ಬರು ಕಾನೂನನ್ನು ರಚಿಸಿದರು, ಇನ್ನೊಬ್ಬರು ಅದು ಸಾಲದೆಂದು ಹಟ ಹಿಡಿದರು. ನ್ಯಾಯವಾಗಿ ನೋಡಿದರೆ ಇಬ್ಬರೂ ಬೇಕಾದವರೇ.

ಏಕೀಕರಣದ ಪ್ರಶ್ನೆ ಬಂದಾಗ ಹಳೆಯ ಮೈಸೂರಿನ ಅನೇಕ ಪ್ರಮುಖರು ಹಿಂಜರಿದರು. ಗೋಪಾಲಗೌಡರು ಕನ್ನಡಿಗರೆಲ್ಲ ಒಂದಾಗಲೇಬೇಕೆಂದು ವಾದಿಸಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೇ ಸಲ್ಲಬೇಕು, ಆಡಳಿತವು ಜನರ ಭಾಷೆಯಲ್ಲಿ ನಡೆಯಬೇಕು ಎಂದರು. 1957ರಲ್ಲಿ ಅವರಿಗೆ ಸೋಲಾಯಿತು. ಆದರೆ 1962 ಮತ್ತು 1967ರಲ್ಲಿ ಜನರು ಮತ್ತೆ ಅವರನ್ನು ವಿಧಾನಸಭೆಗೆ ಕಳುಹಿಸಿದರು. ಸಾಹಿತಿಗಳ ಸ್ನೇಹವೂ ಅವರಿಗೆ ಒದಗಿತ್ತು. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಓದುಗರು ಇವರ ಛಾಯೆಯನ್ನು ಗುರುತಿಸಿದ್ದಾರೆ.

ದೀರ್ಘಕಾಲದ ಕಾಯಿಲೆಯಿಂದ ಬಳಲಿ, 1972ರ ಜೂನ್ 9ರಂದು ಅವರು ನಿಧನರಾದರು. ವಯಸ್ಸು ಕೇವಲ ನಲವತ್ತೊಂಬತ್ತು. ಮೂರು ಬಾರಿ ಶಾಸಕರಾದವರು ಸಂಪತ್ತನ್ನು ಕೂಡಿಡಲಿಲ್ಲ. ಮರುವರ್ಷ, 1973ರ ನವೆಂಬರ್ 1ರಂದು, ದೇವರಾಜ ಅರಸರ ಸರಕಾರದ ಕಾಲದಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವನು ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟು ಹಕ್ಕು ಪಡೆಯುವಂತಾಯಿತು. ಇವೆರಡನ್ನೂ ಬೇಡಿದವರು ನೋಡಲು ಉಳಿದಿರಲಿಲ್ಲ.

ಅವರ ಪಾಳಯದಲ್ಲಿ ಬೆಳೆದ ಎಸ್. ಬಂಗಾರಪ್ಪ, ಜೆ. ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಕಾಗೋಡು ಗ್ರಾಮದವರೇ ಆದ ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷರಾದರು. ನೇಗಿಲು ಹಿಡಿದದ್ದಕ್ಕೆ ಜನರನ್ನು ಸೆರೆಗೆ ತಳ್ಳಿದ ಹಳ್ಳಿಯಿಂದಲೇ ಸಭೆಯ ಪೀಠವನ್ನೇರಿದವರು ಬಂದರು.

ಹಾಗೆಂದು ಕಥೆಯು ಸುಖಾಂತವಾಯಿತೆಂದು ನಾವು ಹೇಳಲಾರೆವು. 1974ರ ಕಾನೂನು ಗೇಣಿದಾರನಿಗೆ ಭೂಮಿಯನ್ನು ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿಯಾಳಿಗೆ ಅದರಿಂದ ದೊರೆತದ್ದು ಅತ್ಯಲ್ಪ. 2020ರ ತಿದ್ದುಪಡಿಯಿಂದ, ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ತಡೆಗಳೂ ತೆಗೆಯಲ್ಪಟ್ಟವು. ಕೊಳಗದ ಆಕಾರ ಬದಲಾಗಿದೆ. ಅಳತೆ ಸರಿಯಿದೆಯೇ ಎಂದು ಕೇಳುವ ಕರ್ತವ್ಯ ಬದಲಾಗಿಲ್ಲ. ಅಧಿಕಾರವಿಲ್ಲದೆಯೂ ಆ ಪ್ರಶ್ನೆಯನ್ನು ಇಪ್ಪತ್ತು ವರ್ಷ ಬಿಡದೆ ಕೇಳಿದ ಒಬ್ಬ ಶಾಸಕರು ಈ ನಾಡಿನಲ್ಲಿದ್ದರೆಂಬುದನ್ನು ನಮ್ಮ ತರುಣರು ಅರಿಯಲೆಂದು ಈ ಕೆಲವು ಮಾತುಗಳನ್ನು ಬರೆದಿದ್ದೇವೆ.