ರಿವರ್ ಕ್ಲೈಡ್ ಹಡಗಿನ ನಾವಿಕನೊಬ್ಬನ ಸ್ಮರಣೆ

೧೯೧೫ನೆಯ ಏಪ್ರಿಲ್ ೨೫ರ ಬೆಳಗ್ಗೆ ರಿವರ್ ಕ್ಲೈಡ್ ಎಂಬ ಕಲ್ಲಿದ್ದಲಿನ ಹಡಗು ಸುಮಾರು ಎರಡು ಸಾವಿರ ಬ್ರಿಟಿಷ್ ಸೈನಿಕರನ್ನು ಒಡಲಲ್ಲಿಟ್ಟುಕೊಂಡು, ತುರ್ಕರು ಕಾಯುತ್ತಿದ್ದ ಗ್ಯಾಲಿಪೊಲಿಯ ತೀರಕ್ಕೆ ಬಂದು, ಬೇಕೆಂದೇ ನೆಲಕಚ್ಚಿತು. ಪಕ್ಕದಲ್ಲಿ ಕೊರೆದ ಬಾಗಿಲುಗಳಿಂದ ಸೈನ್ಯವು ಹೊರಬೀಳಬೇಕೆಂಬುದು ಕಮಾಂಡರ್ ಅನ್ವಿನ್ನನ ಯುಕ್ತಿ. ಜಲಸಂಧಿಯ ಆಚೆಗೇ ಟ್ರಾಯ್ ನಗರದ ಅವಶೇಷಗಳಿರುವುದರಿಂದ ಮರದ ಕುದುರೆಯ ಹೋಲಿಕೆ ಸಹಜವಾಗಿಯೇ ಹುಟ್ಟಿತು. ಆದರೆ ಆ ಕುದುರೆಯನ್ನು ಒಳಕ್ಕೆಳೆದುಕೊಂಡವರು ಟ್ರಾಯ್ ಜನರೇ; ಇಲ್ಲಿಯಾದರೋ ಹಡಗಿಗೂ ದಡಕ್ಕೂ ನಡುವೆ ನೀರು ಉಳಿಯಿತು. ಸೇತುವೆಗೆಂದು ತಂದ ದೋಣಿ ದಾರಿತಪ್ಪಿತು. ಅನ್ವಿನ್ನನೇ ನೀರಿಗಿಳಿದು, ಬೇರೆ ದೋಣಿಗಳನ್ನು ಹಗ್ಗದಿಂದ ಹಿಡಿದು ನಿಂತನು. ದಾರಿತಪ್ಪಿದ ದೋಣಿಯನ್ನು ನಡೆಸಿದ್ದ ಇಪ್ಪತ್ತು ವರ್ಷದ ಮಿಡ್‌ಷಿಪ್‌ಮನ್ ಡ್ರೂರಿ ತಂದೆಗೆ ಬರೆದ ಕಾಗದವು ಚರಿತ್ರಕಾರನಿಗೆ ಸೇನಾನಿಗಳ ವರದಿಗಿಂತ ಕಡಮೆಯದಲ್ಲ: ಎತ್ತಿಕೊಂಡು ಹೋಗುತ್ತಿದ್ದಾಗಲೇ ಗಾಯಾಳುವಿಗೆ ಮತ್ತೆ ಗುಂಡು ತಗುಲಿದುದನ್ನು ಅವನು ಹೇಳುತ್ತಾನೆ. ಹಡಗಿನಲ್ಲುಳಿದವರು ದಡ ಸೇರಿದುದು ಕತ್ತಲಾದಮೇಲೆ.