ಗೋಗಿಯ ಚರಿತ್ರೆ ಬರೆಯಲು ತಕ್ಕ ಬರೆಹದ ತಂತ್ರಾಂಶ

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಹಜರತ್ ಚಂದಾ ಹುಸೇನಿಯವರ ದರ್ಗಾದ ಸನ್ನಿಧಿಯಲ್ಲಿ, ಬಿಜಾಪುರದ ಆದಿಲ್‌ಶಾಹಿ ವಂಶದ ಸ್ಥಾಪಕನಾದ ಯೂಸುಫನೂ ಅವನ ಮಗ ಇಸ್ಮಾಯಿಲನೂ ಮೊಮ್ಮಗ ಮೊದಲನೆಯ ಇಬ್ರಾಹಿಮನೂ ಸಮಾಧಿಗೊಂಡಿರುವುದರಿಂದ, ಈ ಗ್ರಾಮದ ಚರಿತ್ರೆಯನ್ನು ಬರೆಯಹೊರಟವನಿಗೆ ಕನ್ನಡ ವಾಕ್ಯದ ನಡುವೆ ಪಾರಸಿ ನಾಮಗಳನ್ನು ಮೂಲಲಿಪಿಯಲ್ಲಿಯೇ ಕೊಡಬೇಕಾದ ಪ್ರಸಂಗ ಹೆಜ್ಜೆಹೆಜ್ಜೆಗೂ ಒದಗುತ್ತದೆ. ಹಣ ತೆತ್ತು ಕೊಳ್ಳುವ ಮೈಕ್ರೋಸಾಫ್ಟ್ ವರ್ಡಿಗೆ ಬದಲಾಗಿ ಲಿಬ್ರೆಆಫೀಸ್ ರೈಟರ್ ಎಂಬ ಸ್ವತಂತ್ರ ತಂತ್ರಾಂಶ ಸಲ್ಲುವುದೇ ಎಂಬುದಕ್ಕೆ ಇಂಥ ಬರೆಹಕ್ಕಿಂತ ಉಚಿತವಾದ ಒರೆಗಲ್ಲನ್ನು ನಾನು ಕಾಣೆ.

ಬೆಲೆಯಿಲ್ಲದುದೆಲ್ಲ ಸ್ವತಂತ್ರವಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬೆಲೆಯಿಲ್ಲದೆ ದೊರೆತು ನಾಡಿನ ಕಚೇರಿಗಳಲ್ಲಿ ಕನ್ನಡವನ್ನು ನೆಲೆಗೊಳಿಸಿತು. ಆ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಅದರ ಮೊದಲ ಆವೃತ್ತಿಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿದುವಾದ ಕಾರಣ, ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತದೆ. ‘ಧರ್ಮ’ ಎಂಬಲ್ಲಿನ ಅರ್ಕಾವತ್ತು ಕಣ್ಣಿಗೆ ಮಕಾರದ ಬಲಕ್ಕೆ ಕಾಣುವಂತೆ ಕಡತದಲ್ಲಿಯೂ ಮಕಾರದ ಬಳಿಕವೇ ಸೇರುವುದರಿಂದ, ಪದಸೂಚಿಯನ್ನು ಅಕಾರಾದಿಯಾಗಿ ಜೋಡಿಸಹೋದವನ ಶ್ರಮ ವ್ಯರ್ಥವಾಗುತ್ತದೆ. 1991ರಲ್ಲಿ ಕನ್ನಡವನ್ನೂ ಒಳಗೊಂಡು ಹೊರಬಂದ ಯೂನಿಕೋಡಿನಲ್ಲಾದರೋ ರಕಾರ, ಹಲಂತಚಿಹ್ನೆ, ಮಕಾರ ಎಂಬ ಉಚ್ಚಾರಣಾಕ್ರಮವೇ ಕಡತದ ಕ್ರಮ. ರೈಟರ್ ಆಶ್ರಯಿಸಿರುವುದು ಇದನ್ನು; ವರ್ಡ್ ಸಹ ಇದನ್ನೇ ಬಲ್ಲುದಾದ್ದರಿಂದ ಇಲ್ಲಿ ಎರಡೂ ಸಮಾನ.

2010ರಲ್ಲಿ ಓಪನ್‌ಆಫೀಸಿನಿಂದ ಕವಲೊಡೆದ ಲಿಬ್ರೆಆಫೀಸಿನ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಅದರ ಕಡತಸ್ವರೂಪವಾದ ಓಡಿಎಫ್ 2006ರಲ್ಲಿಯೇ ಐಎಸ್ಒ ಮಾನಕವಾಯಿತು. ದೋಷವೂ ಉಂಟು. ರೈಟರ್ ಕನ್ನಡವನ್ನೂ ಪಾರಸಿಯನ್ನೂ ‘ಸಂಕೀರ್ಣ ಲಿಪಿ’ಗಳೆಂಬ ಒಂದೇ ವರ್ಗಕ್ಕೆ ಸೇರಿಸಿ ಎರಡಕ್ಕೂ ಒಂದೇ ಫಾಂಟನ್ನು ವಿಧಿಸುವುದರಿಂದ, ಪಾರಸಿ ಪದಗಳಿಗೆಂದೇ ಪ್ರತ್ಯೇಕ ಅಕ್ಷರಶೈಲಿಯೊಂದನ್ನು ಮೊದಲೇ ರಚಿಸಿಕೊಳ್ಳಬೇಕಾಗುತ್ತದೆ. ಒಮ್ಮೆ ರಚಿಸಿಕೊಂಡರೆ ಬಲದಿಂದ ಎಡಕ್ಕೆ ಹರಿಯುವ ಹೆಸರು ಕನ್ನಡದ ಸಾಲಿನೊಳಗೆ ಕ್ರಮತಪ್ಪದೆ ನಿಲ್ಲುತ್ತದೆ.

ವಿದ್ವತ್ಪ್ರಬಂಧಕ್ಕೆ ರೈಟರ್ ಸಾಲದೆಂಬ ಮಾತು ಹಾಗಾಗಿ ನಿಲ್ಲದು. ನಿಜವಾದ ತೊಡಕಿರುವುದು ಪೇಜ್‌ಮೇಕರಿಗೆ ಹೊಂದುವ ಹಳೆಯ ಫಾಂಟಿನ ಕಡತವನ್ನೇ ಇನ್ನೂ ಕೇಳುವ ಮುದ್ರಣಾಲಯಗಳಲ್ಲಿ. ಅದನ್ನು ಯಾವ ತಂತ್ರಾಂಶವೂ ತಾನಾಗಿ ನೀಗಲಾರದು. ಶಹಾಪುರ, ಸುರಪುರಗಳ ಚರಿತ್ರೆಯನ್ನು ಹಳೆಯ ನುಡಿಯಲ್ಲಿ ಬೆರಳಚ್ಚಿಸಿ ಇಟ್ಟುಕೊಂಡಿರುವ ವಿದ್ವಾಂಸರು, ಆ ಫಾಂಟ್ ಕೈಯಲ್ಲಿರುವಾಗಲೇ ತಮ್ಮ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ತಾಳೆನೋಡಿ ಇಡಬೇಕೆಂದು ಪ್ರಾರ್ಥಿಸುತ್ತೇನೆ.